ಗವಿಯೊಳಗ ಸಿಕ್ಕ ಎರಡು ಬಾಲದ ಬಿಳಿ ಹುಳ: ಕಣ್ಣಿಲ್ಲ ಅಂದ ಕೂಡ್ಲೇ ಗುಹೆದ್ದಂತ ಹೇಳಬಹುದಾ?

ಪ್ರಶ್ನೆ: ಸರ್, ನಂದು ಖಾನಾಪುರ ತಾಲೂಕು, ಬೆಳಗಾವಿಯೊಳಗ ಬಿಎಸ್ಸಿ ಓದಾಕತ್ತೀನಿ. ನಮ್ಮ ಹೊಲದ ಮ್ಯಾಲಿನ ಗುಡ್ಡದಾಗ ಜಂಬಿಟ್ಟಿಗೆ ಕಲ್ಲಿನ ಒಂದು ಗವಿ ಐತಿ, ಮೂವತ್ತು ಹೆಜ್ಜಿ ಒಳಗ ಹೋದ್ರ ಪೂರಾ ಕತ್ತಲಿ. ಏಪ್ರಿಲ್‌ನಾಗ ಅಲ್ಲಿ ಒಂದು ಕೊಳತ ಕಟಗಿ ಎತ್ತಿದಾಗ ನಾಕೈದು ಬಿಳಿ ಹುಳ ಓಡಿದ್ವು. ಸುಮಾರು 4 ಮಿಲಿಮೀಟರ್, ಕಣ್ಣಿಲ್ಲ, ಮುಂದ ಎರಡು ಮೀಸಿ, ಹಿಂದ ಎರಡು ಬಾಲ. ಒಬ್ರು ಸಿಲ್ವರ್‌ಫಿಶ್ ಅಂದ್ರು, ಒಬ್ರು ಜರಿ ಮರಿ ಅಂದ್ರು, ಮೊಬೈಲ್ ಆ್ಯಪ್ ಒಂದು ‘ಕೇವ್ ಡಿಪ್ಲೂರನ್’ ಅಂತ ತೋರಿಸ್ತು. ಇದು ಗುಹೆದಾಗ ಅಷ್ಟ ಇರೂ ಹೊಸ ಸ್ಪೀಷೀಸ್ ಇರಬಹುದಾ? ಹೆಂಗ ಗುರುತು ಹಿಡಿಯೂದು? ಆರು ಫೋಟೋ, ಒಂದು ಸಣ್ಣ ವಿಡಿಯೋ ಕಳಿಸೀನಿ. ಎರಡು ಹುಳ ಸ್ಯಾನಿಟೈಸರ್‌ನಾಗ ಹಾಕಿಟ್ಟೀನಿ.

ಉತ್ತರ: ಮೊದ್ಲ ನೇರ ಉತ್ತರ ಕೊಟ್ಟಬಿಡ್ತೀನಿ, ಆಮ್ಯಾಲ ಕಾರಣ ಹೇಳ್ತೀನಿ. ನಿಮ್ಮ ಆರೂ ಫೋಟೋ ದೊಡ್ಡದು ಮಾಡಿ ಎರಡು ಸಂಜಿ ಕುಂತು ನೋಡೀನಿ. ಇದು ಸಿಲ್ವರ್‌ಫಿಶ್ ಅಲ್ಲ, ಜರಿ ಮರಿನೂ ಅಲ್ಲ, ಡಿಪ್ಲೂರಾನ ಹೌದು, ಅದರಾಗೂ ಕ್ಯಾಂಪೋಡಿಯಿಡೇ ಅನ್ನೂ ಫ್ಯಾಮಿಲಿದ್ದು, ಇಲ್ಲೀತನಕ ನನಗ ಯಾವ ಸಂಶಯಾನೂ ಇಲ್ಲ. ಆದ್ರ ಇದು ಗುಹೆದಾಗ ಅಷ್ಟ ಬದುಕೂ ಜಾತಿ ಅಂತ ಹೇಳಾಕ ಈ ಫೋಟೋ ಸಾಲಂಗಿಲ್ಲ, ಕಂಡಷ್ಟು ಲಕ್ಷಣ ನೋಡಿದ್ರ ‘ಅಲ್ಲ’ ಅನ್ನೂ ಕಡೆನ ನನ್ನ ಮನಸ್ಸು ವಾಲತೈತಿ. ಹೊಸ ಸ್ಪೀಷೀಸ್ ಹೌದೋ ಅಲ್ಲೋ ಅನ್ನೂದಂತೂ ಫೋಟೋ ನೋಡಿ ಯಾರಿಗೂ ಹೇಳಾಕ ಬರಂಗಿಲ್ಲ, ಯಾರರೆ ಹೇಳಿದ್ರ ನಂಬಬ್ಯಾಡ್ರಿ.

ಡಿಪ್ಲೂರಾ ಅಂದ್ರ ಗ್ರೀಕ್‌ನಾಗ ಎರಡು ಬಾಲ ಅಂತ ಅರ್ಥ, 1904ರಾಗ ಕಾರ್ಲ್ ಬೋರ್ನರ್ ಇಟ್ಟ ಹೆಸರು. ಜಗತ್ತಿನಾಗ ಸುಮಾರು ಒಂದು ಸಾವಿರ ಜಾತಿ ಗೊತ್ತದಾವ. ಒಂದಕ್ಕೂ ರೆಕ್ಕಿ ಇಲ್ಲ, ಒಂದಕ್ಕೂ ಕಣ್ಣಿಲ್ಲ. ಈ ಎರಡನೇ ಮಾತು ನೆನಪಿಟ್ಕೋರಿ, ಇಡೀ ಉತ್ತರ ಇದರ ಮ್ಯಾಲ ನಿಂತೈತಿ, ಮುಂದ ಬರ್ತೀನಿ.

ಆರು ಕಾಲು ಅದಾವ ಅಂದ ಮ್ಯಾಲ ಕೀಟನ ಅಲ್ಲೇನ್ರಿ ಅಂತ ಕೇಳ್ತೀರಿ. ಕೀಟಗಳ ಹತ್ತರದ ಸಂಬಂಧಿ, ಆದ್ರ ಖರೇ ಕೀಟ ಅಂತ ಈಗ ಬಹಳ ಮಂದಿ ಲೆಕ್ಕಕ್ಕ ಹಿಡಿಯಂಗಿಲ್ಲ, ಅದಕ್ಕ ಮುಖ್ಯ ಕಾರಣ ಬಾಯಿ. ಒಂದು ಮಿಡತಿ ಹಿಡದು ಮುಖ ನೋಡ್ರಿ, ದವಡಿ ಹೊರಗ ಕಾಣ್ತಾವ, ಎಲಿ ಕತ್ತರಸೂದು ಬರಿಗಣ್ಣಿಗೆ ಕಾಣ್ತೈತಿ. ಡಿಪ್ಲೂರಾದಾಗ ಗಲ್ಲದ ಎರಡೂ ಕಡೆ ಚರ್ಮ ಮಡಚಿ ಬೆಳದು ದವಡಿ ಒಂದು ಚೀಲದೊಳಗ ಕುಂತಂಗ ಆಗಿರ್ತೈತಿ, ತಿನ್ನೂವಾಗ ತುದಿ ಅಷ್ಟ ಹೊರಗ ಬರ್ತಾವ. ಇಂಥಾ ಒಳಬಾಯಿ ಇರೂವು ಮೂರು ಗುಂಪು, ಸ್ಪ್ರಿಂಗ್‌ಟೇಲ್ ಅನ್ನೂ ಕೊಲೆಂಬೋಲಾ, ಪ್ರೊಟ್ಯೂರಾ, ಮತ್ತ ನಮ್ಮ ಈ ಡಿಪ್ಲೂರಾ.

ಇನ್ನೊಂದು ಗುರುತು ನಿಮ್ಮ ವಿಡಿಯೋದಾಗ ಐತಿ, ನೀವು ಗಮನಿಸಿರೋ ಇಲ್ಲೋ. ಹುಳ ಕಟಗಿ ಅಂಚಿಗೆ ಬಂದು ನಿಲ್ತೈತಿ, ಬಲಗಡೆ ಮೀಸಿ ಕೆಳಗ ಬಿಡ್ತೈತಿ, ಆಗ ಮೀಸಿ ಬುಡ ಅಲ್ಲಾಡಂಗಿಲ್ಲ, ನಡುವಿನ ಒಂದು ಜಾಗಾದಾಗ ಅಷ್ಟ ಬಾಗತೈತಿ, ಆಮ್ಯಾಲ ತುದಿ ಒಂದ ಮ್ಯಾಲಕ್ಕ ಸುರುಳಿ ಹೊಡೀತೈತಿ, ಆನೆ ಸೊಂಡಿ ಆಡಿಸಿದಂಗ. ನಾ ಅದನ್ನ ಹತ್ತು ಸಲ ಹಿಂದಕ್ಕ ಹಾಕಿ ನೋಡೀನಿ. ಖರೇ ಕೀಟದ ಮೀಸಿದಾಗ ಸ್ನಾಯು ಬುಡದ ಒಂದೆರಡು ಗಂಟಿನಾಗ ಅಷ್ಟ ಇರ್ತಾವ, ಉಳದದ್ದು ಕೋಲು ಇದ್ದಂಗ ಹಿಂದ ಹಿಂದ ಹೋಗ್ತೈತಿ. ಡಿಪ್ಲೂರಾದಾಗ ಕಡೀ ಗಂಟು ಒಂದು ಬಿಟ್ಟು ಪ್ರತಿ ಗಂಟಿಗೂ ತನ್ನದ ಸ್ನಾಯು ಐತಿ. ಕಣ್ಣಿಲ್ಲದ ಪ್ರಾಣಿಗೆ ಇದು ಎಷ್ಟು ದೊಡ್ಡ ಆಸ್ತಿ ವಿಚಾರ ಮಾಡ್ರಿ.

ಈಗ ಬ್ಯಾರೆಯವು ಯಾಕ ಅಲ್ಲ ಅಂದ್ರ, ಸಿಲ್ವರ್‌ಫಿಶ್‌ಗೆ ಹಿಂದ ಮೂರು ಬಾಲ, ಮೈ ಮ್ಯಾಲ ಬೆಳ್ಳಿ ಪುಡಿ ಹಚ್ಚಿದಂಗ ಹೊರಪು (ಸ್ಕೇಲ್), ತಲಿಯೊಳಗ ಸಾಮಾನ್ಯ ಸಣ್ಣ ಕಣ್ಣು. ಜರಿ ಮರಿಗೆ ಕಾಲು ಹೆಚ್ಚು, ಅದು ಎಣಿಸಿದ್ರ ಮುಗೀತು. ಖರೇ ಮೋಸ ಮಾಡೂದು ಅಂದ್ರ ಸಿಂಫೈಲಾ ಅನ್ನೂ ಜರಿಯಂಥಾ ಸಣ್ಣ ಮಣ್ಣಿನ ಹುಳ, ಅದೂ ಬೆಳ್ಳಗ, ಅದಕ್ಕೂ ಕಣ್ಣಿಲ್ಲ, ಮೀಸಿ ಅದರದೂ ಮಣಿಸರದಂಗ, ಹಿಂದ ಎರಡು ಚೂಪು ಸಹಿತ ಇರ್ತಾವ, ಹಸಿ ಮಣ್ಣಿನಾಗ ಎರಡೂ ಕೂಡೇ ಸಿಗ್ತಾವ. ಆದ್ರ ಬೆಳೆದ ಸಿಂಫೈಲಾಕ್ಕ 12 ಜೋಡಿ ಕಾಲು, ಮರಿಗೂ ಆರೇಳು ಜೋಡಿ. ನಿಮ್ಮದಕ್ಕ ಮೂರ ಜೋಡಿ, ನಾ ಮೂರನೇ ಫೋಟೋದಾಗ ಎಣಿಸೀನಿ. ಕೆಲವು ಜೀರುಂಡಿ ಮರಿನೂ ಇದ ಆಕಾರದಾಗ ಇರ್ತಾವ, ಎಷ್ಟರ ಮಟ್ಟಿಗೆ ಅಂದ್ರ ಅಂಥಾ ಮರಿಗೆ ‘ಕ್ಯಾಂಪೋಡಿಫಾರ್ಮ್’ ಅಂತ ಹೆಸರ ಇಟ್ಟಾರ, ಆದ್ರ ಅವುಕ್ಕ ದವಡಿ ಹೊರಗ ಕಾಣ್ತಾವ, ಮೀಸಿ ಗಿಡ್ಡ.

ಡಿಪ್ಲೂರಾ ಅಂತ ಗೊತ್ತಾದ ಮ್ಯಾಲ ಫ್ಯಾಮಿಲಿ ಹೇಳೂದು ಬಾಲ. ಅದಕ್ಕ ಸರ್ಸೈ ಅಂತೀವಿ. ಜ್ಯಾಪಿಜಿಡೇ ಫ್ಯಾಮಿಲಿದಾಗ ಬಾಲ ಅಂದ್ರ ಇಕ್ಕಳ, ಒಂದೊಂದು ಕಡೆ ಒಂದ ತುಂಡು, ಗಟ್ಟಿ, ಕಂದು ಬಣ್ಣ, ಬೇಟೆ ಹಿಡಿಯಾಕ ಅದನ್ನ ಬಳಸ್ತಾವ. ನೋಡಿದವರು ಇಯರ್‌ವಿಗ್ ಅನ್ನೂ ಇಕ್ಕಳ ಬಾಲದ ಕೀಟ ಅಂತ ತಪ್ಪು ತಿಳ್ಕೋತಾರ, ಇಯರ್‌ವಿಗ್‌ಗೆ ಸಾಮಾನ್ಯವಾಗಿ ಕಣ್ಣು ಇರ್ತಾವ, ಪಾದದಾಗ ಮೂರು ಗಂಟು, ಡಿಪ್ಲೂರಾಕ್ಕ ಪಾದದಾಗ ಒಂದ ಗಂಟು. ಪ್ರೊಜ್ಯಾಪಿಜಿಡೇ ಅಂತ ಇನ್ನೊಂದು ಫ್ಯಾಮಿಲಿ, ಅದರ ಬಾಲ ಗಿಡ್ಡ, ಕೆಲವೇ ಗಂಟು, ತುದಿಯೊಳಗ ಗ್ರಂಥಿಯ ತೂತು. ಕ್ಯಾಂಪೋಡಿಯಿಡೇಕ್ಕ ಮಾತ್ರ ಬಾಲ ಉದ್ದ, ತೆಳ್ಳಗ, ಗಂಟು ಗಂಟು, ಥೇಟ್ ಮೀಸಿ ಹಿಂದಕ್ಕ ಹಚ್ಚಿದಂಗ. ನಿಮ್ಮ ಎರಡನೇ ಫೋಟೋದಾಗ ಎಡಗಡೆ ಬಾಲ ಪೂರಾ ಐತಿ, ಬಲಗಡೇದು ಅರ್ಧಕ್ಕ ಮುರದೈತಿ. ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ, ಕ್ಯಾಂಪೋಡಿಯಿಡೇ ಬಾಲ ಮುಟ್ಟಿದ್ರ ಮುರೀತಾವ, ಪೂರಾ ಬಾಲ ಇರೂ ಸ್ಪೆಸಿಮನ್ ಸಿಗೂದ ಪುಣ್ಯ. ಬದುಕಿದ್ರ ಪೊರೆ ಬಿಡ್ತಾ ಬಿಡ್ತಾ ಮತ್ತ ಬೆಳಸ್ಕೋತಾವ, ಕೀಟಗಳಂಗ ಬೆಳದ ಮ್ಯಾಲ ಪೊರೆ ಬಿಡೂದು ಇವುಕ್ಕ ನಿಲ್ಲಂಗಿಲ್ಲ, ಜೀವ ಇರೂತನಕ ಬಿಡ್ತಾವ.

ಹೊಟ್ಟಿ ಭಾಗ ಮ್ಯಾಲಿಂದ ನೋಡಿದ್ರ ಹತ್ತು ತುಂಡು ಎಣಿಸಾಕ ಬರ್ತೈತಿ. ಖರೇ ವಿಷಯ ಕೆಳಗಿನ ಮಗ್ಗಲದಾಗ ಐತಿ, ಅದಕ್ಕ ಎಲ್ಲಾರಿಗೂ ಹೇಳ್ತೀನಿ ಹುಳ ಬೋರಲು ಹಾಕಿ ಅಷ್ಟ ಫೋಟೋ ತೆಗೀಬ್ಯಾಡ್ರಿ, ಅಂಗಾತ ಹಾಕಿ ಒಂದು ತೆಗೀರಿ. ಕ್ಯಾಂಪೋಡಿಯಿಡೇದಾಗ ಹೊಟ್ಟಿ ಎರಡರಿಂದ ಏಳನೇ ತುಂಡಿನತನಕ ಪ್ರತಿಯೊಂದಕ್ಕೂ ಒಂದು ಜೋಡಿ ಸಣ್ಣ ಮೊಳೆಯಂಥಾ ಕಡ್ಡಿ, ಅದಕ್ಕ ಸ್ಟೈಲೈ ಅಂತೀವಿ, ಮತ್ತ ಅದರ ಮಗ್ಗಲಾಗ ಒಂದು ಜೋಡಿ ನೀರಿನ ಚೀಲ. ಈ ಚೀಲ ಒಳಗ ಹೊರಗ ಮಾಡಾಕ ಬರ್ತೈತಿ, ಹಸಿ ಕಲ್ಲಿಗೆ ಒತ್ತಿ ನೀರು ಹೀರ್ಕೋತಾವ. ಒಂದನೇ ತುಂಡಿಗೆ ಕಡ್ಡಿ ಬದಲಿ ದಪ್ಪಂದು ಒಂದು ಜೋಡಿ ಮೊಟಕು ಅಂಗ ಇರ್ತೈತಿ, ಗಂಡಿನಾಗ ಅದರ ತುದಿಗೆ ಗ್ರಂಥಿಯ ಕೂದಲು ಒತ್ತಾಗಿ ಇರ್ತಾವ, ಎಷ್ಟೋ ಜಾತಿದಾಗ ಗಂಡು ಹೆಣ್ಣು ಗುರುತಿಸಾಕೂ, ಜಾತಿ ಜಾತಿ ಬ್ಯಾರೆ ಮಾಡಾಕೂ ಇದ ಆಧಾರ. ಉಸಿರಿನ ತೂತು ಕ್ಯಾಂಪೋಡಿಯಿಡೇಕ್ಕ ಎದಿಯೊಳಗ ಮೂರ ಜೋಡಿ, ಹೊಟ್ಟಿದಾಗ ಇಲ್ಲವ ಇಲ್ಲ. ಇಕ್ಕಳ ಬಾಲದ ಜ್ಯಾಪಿಜಿಡೇ ಫ್ಯಾಮಿಲಿಯ ಜ್ಯಾಪಿಕ್ಸ್‌ದಾಗ 11 ಜೋಡಿ.

ಈ ಚೀಲ, ಈ ತೆಳ್ಳನ ಚರ್ಮ ಎರಡೂ ಕೂಡಿ ಒಂದ ಮಾತು ಹೇಳ್ತಾವ, ಇದಕ್ಕ ಹಸಿ ಬೇಕು. ಒಣ ಗಾಳಿಗೆ ಇಟ್ರ ಸ್ವಲ್ಪ ಹೊತ್ತಿನಾಗ ಸಾಯ್ತಾವ. ನಮ್ಮ ವಿಜಯಪುರ, ಬಾಗಲಕೋಟಿ ಕಡೆ ಏಪ್ರಿಲ್ ಮೇ ಬಿಸಲಿಗೆ ಯರಿ ಹೊಲ ಕೈ ಹೋಗುವಷ್ಟು ಬಿರುಕು ಬಿಡ್ತೈತಿ, ಆಗ ಮಣ್ಣಿನ ಮ್ಯಾಲಿನ ಪದರಾದಾಗ ಒಂದೂ ಸಿಗಂಗಿಲ್ಲ. ಮಿರಗ ಮಳಿ ಎರಡು ಸಲ ಛಲೋ ಆದ ಮ್ಯಾಲ ಬದುವಿನ ಕಲ್ಲು ಎತ್ತಿ ನೋಡ್ರಿ, ಅವ ಮತ್ತ ಬಂದಿರ್ತಾವ. ಎಲ್ಲಿ ಹೋಗಿದ್ವು? ಕೆಳಗ ಹೋಗಿದ್ವು, ಕಲ್ಲು ಸಂದಿ, ಬೇರಿನ ತೂತು, ಗವಿ, ಹಸಿ ಎಲ್ಲಿ ಉಳದಿರ್ತೈತೋ ಅಲ್ಲಿ. ನೀವು ಗವಿಗೆ ಹೋಗಿದ್ದು ಏಪ್ರಿಲ್‌ನಾಗ ಅನ್ನೂದು ನನಗ ಅದಕ್ಕ ಮುಖ್ಯ ಅನಸ್ತು.

ಈಗ ಆ ಕಣ್ಣಿನ ಮಾತಿಗೆ ಬರ್ತೀನಿ. ಗುಹೆ ಮೀನು, ಗುಹೆ ಜೀರುಂಡಿ ಕತಿ ಎಲ್ಲಾರೂ ಓದಿರ್ತಾರ, ಕತ್ತಲಿಯೊಳಗ ಸಾವಿರಾರು ತಲಿಮಾರು ಕಳದ ಮ್ಯಾಲ ಕಣ್ಣು ಹೋತು, ಬಣ್ಣ ಹೋತು ಅಂತ. ಅವುಗಳ ವಿಷಯದಾಗ ಅದು ಖರೇ. ಹೊರಗಿನ ಅಣ್ಣತಮ್ಮಗ ಕಣ್ಣು ಐತಿ, ಒಳಗಿನವಗ ಇಲ್ಲ, ಅಂದ್ರ ಗುಹೆ ಕಸ್ಕೊಂಡೈತಿ. ಡಿಪ್ಲೂರಾಕ್ಕ ಈ ಲೆಕ್ಕ ಹಚ್ಚಾಕ ಬರಂಗಿಲ್ಲ. ಇಡೀ ಗುಂಪಿಗೇನ ಕಣ್ಣಿಲ್ಲ, ಮಾವಿನ ಗಿಡದ ಕೆಳಗಿನ ಕಸದಾಗ ಇರೂದಕ್ಕೂ ಇಲ್ಲ, ಕಬ್ಬಿನ ಹೊಲದಾಗ ಇರೂದಕ್ಕೂ ಇಲ್ಲ. ಬಿಳಿ ಬಣ್ಣನೂ ಅಷ್ಟ, ಬಹುತೇಕ ಎಲ್ಲಾ ಕ್ಯಾಂಪೋಡಿಯಿಡೇ ಬೆಳ್ಳಗ ಇರ್ತಾವ. ಅಂದ್ರ ಇವು ಗುಹೆ ಹೊಕ್ಕು ಕುರುಡಾದವಲ್ಲ, ಕುರುಡ ಇದ್ದು ಗುಹೆ ಹೊಕ್ಕವು. ಹಿಂಗಾಗಿ ‘ಬೆಳ್ಳಗೈತಿ, ಕಣ್ಣಿಲ್ಲ, ಕತ್ತಲಿಯೊಳಗ ಸಿಕ್ತು’ ಅನ್ನೂ ಮೂರೂ ಮಾತು ಕೂಡಿಸಿದ್ರೂ ಗುಹೆ ಜಾತಿ ಅನ್ನಾಕ ಒಂದು ಪುರಾವೆನೂ ಆಗಂಗಿಲ್ಲ.

ಇದನ್ನ ನಾ ಪುಸ್ತಕದಿಂದ ಕಲಿತಿದ್ದಲ್ಲ. ಬಹಳ ವರ್ಷದ ಹಿಂದ ಲೋಕಾಪುರ ಕಡೆ ಸುಣ್ಣಕಲ್ಲಿನ ಹಳೇ ಖಣಿಯೊಳಗ ಒಂದು ಪೊಳ್ಳು ತೆರದಿತ್ತು, ಒಬ್ಬ ಮನಶ್ಯಾ ಬಗ್ಗಿ ಹೋಗುವಷ್ಟು, ಒಳಗ ನೀರು ಜಿನಗ್ತಿತ್ತು. ಅಲ್ಲಿ ನನಗ ಮೂರು ಕ್ಯಾಂಪೋಡಿಯಿಡೇ ಸಿಕ್ವು. ನಾ ಆ ರಾತ್ರಿ ನಿದ್ದಿ ಮಾಡಲಿಲ್ಲ, ಗುಹೆ ಜಾತಿ ಸಿಕ್ತು ಅಂತ ಲೇಬಲ್‌ನಾಗೂ ಬರದ್ನಿ, ಗೆಳ್ಯಾರಿಗೂ ಹೇಳಿದ್ನಿ. ಮುಂದ ಶ್ರಾವಣದಾಗ ಅಲ್ಲಿಂದ ಸ್ವಲ್ಪ ದೂರ ಕಬ್ಬಿನ ಹೊಲದ ಬದುವಿನ ಮಣ್ಣು ಫನೆಲ್‌ಗೆ (ಮ್ಯಾಲ ಬಲ್ಬ್ ಹಚ್ಚಿ ಮಣ್ಣಿನಾಗಿನ ಹುಳ ಕೆಳಗಿನ ಬಾಟಲಿಗೆ ಇಳಸೂ ಆಲಿಕಿ) ಹಾಕಿದಾಗ ಅದ ಹುಳ ಇಳದು ಬಂತು. ಎರಡೂ ಸ್ಲೈಡ್ ಮಗ್ಗಲ ಮಗ್ಗಲ ಇಟ್ಟು ಕೂದಲಿಗೆ ಕೂದಲು ಹೋಲಿಸಿ ನೋಡಿದ್ನಿ, ಒಂದ ಜಾತಿ. ಲೇಬಲ್ ತಿದ್ದಿ ಬರದ್ನಿ. ಅವತ್ತಿಂದ ಗುಹೆಯೊಳಗಿನದು ಯಾವುದ ತಂದ್ರೂ ಮೊದ್ಲ ಕೇಳೂದು, ಹೊರಗಿನ ಮಣ್ಣು ನೋಡೀರಿ?

ಹಂಗಾರ ಗುಹೆಗ ಒಗ್ಗಿದ ಕ್ಯಾಂಪೋಡಿಯಿಡೇ ಹೆಂಗ ಇರ್ತೈತಿ? ಕಣ್ಣು ಕಳಕೊಳ್ಳಾಕ ಇಲ್ಲದ್ದಕ್ಕ ಬದಲಾವಣಿ ಎಲ್ಲಾ ಬೆಳೆಯೂ ಕಡೆ ಆಗೈತಿ. ಮೊದ್ಲ ಮೀಸಿ. ಮಣ್ಣಿನಾಗ ಇರೂವುಕ್ಕ ಮೀಸಿ ಗಂಟು ಸಾಮಾನ್ಯ ಇಪ್ಪತ್ತರಿಂದ ಮೂವತ್ತರ ಆಸುಪಾಸು, ಒಂದೊಂದು ಗಂಟು ಅಗಲ ಉದ್ದ ಒಂದ, ದುಂಡನ ಮಣಿ ಪೋಣಿಸಿದಂಗ. ಗುಹೆಗ ಪೂರಾ ಒಗ್ಗಿದವುಕ್ಕ ಗಂಟು ಐವತ್ತು ದಾಟಿದ್ದೂ ಅದಾವ, ಒಂದೊಂದು ಗಂಟು ಅಗಲಕ್ಕಿಂತ ಉದ್ದ ಎಳದಂಗ ಇರ್ತೈತಿ, ಮೀಸಿ ಮೈಗಿಂತ ಉದ್ದ ಆಗ್ತೈತಿ. ಕಾಲು ಉದ್ದ ಆಗ್ತಾವ, ಹಿಂಗಾಲು ಹಿಂದಕ್ಕ ಚಾಚಿದ್ರ ಹೊಟ್ಟಿ ತುದಿ ದಾಟತಾವ. ಬಾಲನೂ ಉದ್ದ. ಉಗುರು ದೊಡ್ಡವಾಗ್ತಾವ, ಕೆಲವುಕ್ಕ ಉಗುರಿನ ಮಗ್ಗಲಾಗ ಏಣಿನಂಥಾ ಅಂಚು ಬೆಳದಿರ್ತೈತಿ, ನುಣ್ಣನ ಹಸಿ ಕಲ್ಲಿನ ಮ್ಯಾಲ ಹಿಡತ ಬೇಕಲ್ಲ.

ಇನ್ನೊಂದು ಐತಿ, ಅದು ನನಗ ಎಲ್ಲಕ್ಕಿಂತ ಪ್ರೀತಿದ್ದು. ಮೀಸಿಯ ಕಡೀ ಗಂಟಿನ ತುದಿಯೊಳಗ ಒಂದು ಸಣ್ಣ ಬಟ್ಟಲ ಐತಿ, ಕ್ಯೂಪ್ಯುಲಿಫಾರ್ಮ್ ಆರ್ಗನ್ ಅಂತ ಹೆಸರು, ಒಳಗ ವಾಸನಿ ಹಿಡಿಯೂ ಸಣ್ಣ ಸಣ್ಣ ಅಂಗ ಕುಂತಿರ್ತಾವ. ಮಣ್ಣಿನ ಜಾತಿದಾಗ ಅವು ಕಡಿಮಿ, ಸಾದಾ. ಗುಹೆ ಜಾತಿದಾಗ ಹೆಚ್ಚು, ಒಂದೊಂದರ ಆಕಾರನೂ ಗೋಜಲು, ಹೂವಿನ ಪಕಳಿ ಮಡಚಿದಂಗ ಕಾಣ್ತಾವ. ಕತ್ತಲಿಯೊಳಗ ಊಟ ಅಲ್ಲೊಂದು ಇಲ್ಲೊಂದು, ಒಂದು ಬಾವಲಿ ಹಿಕ್ಕಿ, ಅದರ ಮ್ಯಾಲ ಬೆಳದ ಬೂಷ್ಟು, ಬೂಷ್ಟು ತಿನ್ನೂ ನುಸಿ, ಸ್ಪ್ರಿಂಗ್‌ಟೇಲ್, ಅವುನ್ನ ಹುಡುಕಾಕ ಮೂಗು ಚುರುಕಿರಬೇಕು.

ಜಗತ್ತಿನಾಗ ಇಂಥಾ ಉದಾಹರಣೆ ಬೇಕಾದಷ್ಟು ಅದಾವ. ಸ್ಪೇನ್ ದೇಶದ ಅಲ್ಬರ್ಟೊ ಸೆಂಡ್ರಾ ಅವರು ಮತ್ತ ಅವರ ಜೊತೆಗಾರರು 2017ರಾಗ ತುರ್ಕಮೆನಿಸ್ತಾನದ ಕಪ್ತರ್‌ಖಾನಾ ಗುಹೆಯಿಂದ ತುರ್ಕಮೆನೋಕಾಂಪಾ ಮಿರಾಬಿಲಿಸ್ ಅನ್ನೂದನ್ನ ವರ್ಣಿಸಿದ್ರು, ಹೊಸ ಜಾತಿ ಅಷ್ಟ ಅಲ್ಲ ಹೊಸ ಕುಲಾನ (ಜೀನಸ್). 2018ರಾಗ ಜಪಾನಿನ ಗುಹೆಯಿಂದ ಪೆಸಿಫಿಕಾಂಪಾ ದೈದರಬೊಚ್ಚಿ, ಇದು ತನ್ನ ಗುಂಪಿನಾಗ ಭಾಳ ದೊಡ್ಡ ಮೈಯಿಂದು, ಜಪಾನಿನ ಜನಪದ ಕತಿಯ ರಾಕ್ಷಸನ ಹೆಸರು ಇಟ್ಟಾರ. ನಿಮ್ಮ ಪ್ರಶ್ನೆಗೆ ಹತ್ತರದ್ದು ಅಂದ್ರ 2019ರ ಹಾಪ್ಲೋಕಾಂಪಾ ವ್ಯಾಗ್ನೆಲ್ಲಿ, ಕೆನಡಾದ ವ್ಯಾಂಕೂವರ್ ದ್ವೀಪದ ಸುಣ್ಣಕಲ್ಲಿನ ಗುಹೆದಾಗ ಸಿಕ್ಕಿದ್ದು. ಹೊಸ ಜಾತಿ ಹೌದು, ಸಿಕ್ಕಿದ್ದು ಗುಹೆದಾಗ ಹೌದು, ಆದ್ರ ಅದರ ಮೈ ದಪ್ಪ, ಮೀಸಿ ಕಾಲು ಸ್ವಲ್ಪ ಅಷ್ಟ ಉದ್ದ, ಅದಕ್ಕ ಅದು ಗುಹೆ ಬಿಟ್ಟು ಬ್ಯಾರೆ ಕಡೆನೂ ಇರಬಹುದು ಅಂತ ಅದನ್ನ ವರ್ಣಿಸಿದವರ ಬಾಗಲಾ ತೆರದಿಟ್ರು. ಹಂಗ ಎಚ್ಚರಿಕಿಲೆ ಬರಿಯೂದನ್ನ ನಾವು ಕಲೀಬೇಕು.

ನಿಮ್ಮ ಹುಳದ ಮೀಸಿ ನಾಕನೇ ಫೋಟೋದಾಗ 22 ಗಂಟಿನತನಕ ಎಣಿಸಾಕ ಬಂತು, ಆಮ್ಯಾಲ ಮಸಕು. ತುದಿಗೆ ಇನ್ನೊಂದೆರಡು ಮೂರು ಇರಬಹುದು ಅನ್ನಿಸ್ತೈತಿ. ಗಂಟು ಎಲ್ಲಾ ದುಂಡಗ. ಹಿಂಗಾಲು ಹೊಟ್ಟಿಯ ಏಳನೇ ತುಂಡಿನ ಹತ್ತರ ನಿಲ್ತಾವ. ಇದು ಮಣ್ಣಿನ ಜಾತಿ ಗವಿಯೊಳಗ ಹಸಿ ಹುಡಕ್ಕೊಂಡು ಬಂದಂಗ ಕಾಣ್ತೈತಿ. ಆದ್ರ ಮೀಸಿ ಎಣಿಸೂದ್ರಾಗೂ ಒಂದು ಮೋಸ ಐತಿ, ಮೀಸಿ ಮುರದು ಮತ್ತ ಬೆಳದಿದ್ರ ಗಂಟು ಕಡಿಮಿ ಇರ್ತಾವ, ಎಡಕ್ಕ ಒಂದು ಬಲಕ್ಕ ಒಂದು ಲೆಕ್ಕ ಬರ್ತೈತಿ. ಅದಕ್ಕ ಎರಡೂ ಮೀಸಿ ಎಣಿಸಬೇಕು, ನಾಕೈದು ಹುಳದ್ದು ಎಣಿಸಬೇಕು. ಉದ್ದ ಅಳಿಯೂವಾಗ ಮೀಸಿ ಬಾಲ ಬಿಟ್ಟು ತಲಿಯಿಂದ ಹೊಟ್ಟಿ ತುದಿತನಕ ಅಳೀರಿ, ನಿಮ್ಮ 4 ಮಿಲಿಮೀಟರ್ ಯಾವುದು ಅಂತ ನೀವು ಹೇಳಿಲ್ಲ.

ಇನ್ನ ಜಾತಿ ಹೆಸರು. ಕ್ಯಾಂಪೋಡಿಯಿಡೇದಾಗ ಹೆಸರು ಇರೂದು ಕೂದಲದಾಗ. ಬಣ್ಣ ಇಲ್ಲ, ರೆಕ್ಕಿ ಇಲ್ಲ, ಕೊಂಬಿಲ್ಲ, ಉಳದದ್ದು ಕೂದಲ ಅಷ್ಟ. ಎದಿಯ ಮೂರು ತುಂಡಿನ ಬೆನ್ನ ಮ್ಯಾಲ ಸಾಮಾನ್ಯ ಕೂದಲಕ್ಕಿಂತ ಉದ್ದ, ದಪ್ಪ, ತುದಿಯ ಕಡೆ ಸಣ್ಣ ಮುಳ್ಳು ಇರೂ ಕೂದಲು ಇರ್ತಾವ, ಮ್ಯಾಕ್ರೋಸೀಟಾ ಅಂತೀವಿ. ಅವು ಎಲ್ಲೆಲ್ಲೋ ಇರಂಗಿಲ್ಲ, ಪ್ರತಿಯೊಂದಕ್ಕೂ ತನ್ನ ಮನಿ ಐತಿ. ನಡುವಿನ ಗೆರಿ ಹತ್ತರ ಮುಂದಿನದಕ್ಕ ಎಂಎ, ಮಗ್ಗಲ ಮುಂದಿನದಕ್ಕ ಎಲ್‌ಎ, ಮಗ್ಗಲ ಹಿಂದಿನದಕ್ಕ ಎಲ್‌ಪಿ ಅಂತ ಗುರುತು ಹಾಕ್ತೀವಿ, ಎಡ ಬಲ ಕೂಡಿಸಿ 3+3, 2+2 ಅಂತ ಬರೀತೀವಿ. ಕ್ಯಾಂಪೋಡಿಯಾ ಕುಲದಾಗ ಎದಿಯ ಮೊದಲನೇ ತುಂಡಿಗೆ ಸಾಮಾನ್ಯ 3+3. ಹಿಂಗ ಬೆನ್ನಿಂದು, ಹೊಟ್ಟಿಯ ಮ್ಯಾಲಿಂದು, ಕೆಳಗಿಂದು ಎಲ್ಲಾ ಬರಕೊಂಡ ಮ್ಯಾಲ ಅದು ಆ ಜಾತಿಯ ಜಾತಕ ಇದ್ದಂಗ. ಆಮ್ಯಾಲ ಮೀಸಿಯ ಮೂರರಿಂದ ಆರನೇ ಗಂಟಿನತನಕ ಟ್ರೈಕೋಬೋಥ್ರಿಯಾ ಅನ್ನೂ ಭಾಳ ತೆಳ್ಳನ ಉದ್ದ ಕೂದಲು, ಸಣ್ಣ ಕುಳಿಯೊಳಗ ನಟ್ಟಂಗ ನಿಂತಿರ್ತಾವ, ಗಾಳಿ ಉಸರಾಡಿದಷ್ಟು ಅಲ್ಲಾಡಿದ್ರೂ ಅವು ತಿಳ್ಕೋತಾವ. ಮೂರನೇ ಗಂಟಿನಾಗ ಇರೂ ಒಂದು ಮೊಟಕು ಸೆನ್ಸಿಲ್ಲಮ್ (ಸಂವೇದನೆಯ ಸಣ್ಣ ಅಂಗ) ಯಾವ ಕೂದಲಗಳ ನಡುವ ಕುಂತೈತಿ ಅನ್ನೂದೂ ಜಾತಿ ಗುರುತ. ಪಾದದ ತುದಿಯೊಳಗ ಎರಡು ಉಗುರು, ಅವು ಸಮ ಅದಾವೋ ಇಲ್ಲೋ, ನಡುವ ಇರೂ ಜೋಡಿ ಕೂದಲು ದಾರದಂಗ ಐತೋ ಚಪ್ಪಟಿ ಎಲಿಯಂಗ ಐತೋ, ಇದರ ಮ್ಯಾಲ ಕುಲ ನಿರ್ಧಾರ ಆಗ್ತೈತಿ.

ಇಷ್ಟೆಲ್ಲಾ ಬೆಳೆದ ಹುಳದಾಗ ನೋಡಬೇಕು, ಮರಿಗೆ ಕೂದಲು ಇನ್ನೂ ಪೂರಾ ಬಂದಿರಂಗಿಲ್ಲ. ಗಂಡು ಹೆಣ್ಣು ಎರಡೂ ಇದ್ರ ಛಲೋ.

ನಮ್ಮ ದೇಶದಾಗ ಮೊದ್ಲ ಒಂದು ತಪಾಸಣಿ ಮಾಡ್ಲೇಬೇಕು, ಮೈ ಮ್ಯಾಲ ಹೊರಪು ಅದಾವೋ ಇಲ್ಲೋ. ಬಿಸಿ ಪ್ರದೇಶದಾಗ ಎಲ್ಲಾ ಕಡೆ ಹರಡಿರೂ ಲೆಪಿಡೋಕಾಂಪಾ ಅನ್ನೂ ಕುಲ ಐತಿ, 1890ರಾಗ ಔಡೆಮನ್ಸ್ ವರ್ಣಿಸಿದ ಲೆಪಿಡೋಕಾಂಪಾ ವೆಬೆರಿ ಭಾರತದಾಗೂ ಸಿಗ್ತೈತಿ. ಅದರ ಮೈಗೆ ಪಾತರಗಿತ್ತಿ ರೆಕ್ಕಿ ಪುಡಿಯಂಥಾ ಹೊರಪು ಇರ್ತಾವ, ಬೆರಳು ತಾಗಿದ್ರ ಉದರತಾವ, ಉದರಿದ ಮ್ಯಾಲ ಅದೂ ಎಲ್ಲಾರಂಗ ಬೆಳ್ಳನ ಹುಳನ. ನಿಮ್ಮ ಐದನೇ ಫೋಟೋದಾಗ ಬೆನ್ನ ಮ್ಯಾಲ ಒಂದು ಕಡೆ ಹೊಳಪು ಕಂಡು ನನಗ ಇದರ ಅನುಮಾನ ಬಂದೈತಿ, ಫ್ಲ್ಯಾಶ್ ಬೆಳಕೂ ಇರಬಹುದು. ಸ್ಲೈಡ್‌ನಾಗ ಒಂದು ಹೊರಪು ಕಂಡ್ರ ಸಾಕು, ಅರ್ಧ ಕೆಲಸ ಮುಗದಂಗ.

ಸ್ಯಾನಿಟೈಸರ್ ವಿಷಯ. ತಪ್ಪು ತಿಳ್ಕೋಬ್ಯಾಡ್ರಿ, ಏನೂ ಇಲ್ಲದ್ದಕ್ಕಿಂತ ಅದು ಛಲೋ, ಆದ್ರ ಅದರಾಗಿನ ಜೆಲ್ ಕೂದಲಿಗೆ ಹತ್ತತೈತಿ, ಆಮ್ಯಾಲ ತೊಳಿಯೂವಾಗ ಮೀಸಿ ಕೈಗೆ ಬರ್ತೈತಿ. ಇನ್ನ ಮುಂದ ನಿಮ್ಮ ಕಾಲೇಜ್ ಲ್ಯಾಬಿಂದ 70 ಪರ್ಸೆಂಟ್ ಆಲ್ಕೋಹಾಲ್ ಸಣ್ಣ ಬಾಟಲಿಯೊಳಗ ಒಯ್ರಿ, ಡಿಎನ್‌ಎ ತೆಗಿಯೂದಿದ್ರ ಬ್ಯಾರೆ ಬಾಟಲಿಯೊಳಗ 95 ಪರ್ಸೆಂಟ್. ಚಿಮಟಿಲೆ ಹಿಡೀಬ್ಯಾಡ್ರಿ, ಚಿತ್ರ ತೆಗಿಯೂ ಸೊನ್ನಿ ನಂಬರ್ ಬ್ರಷ್ ಆಲ್ಕೋಹಾಲ್‌ನಾಗ ಅದ್ದಿ ಅದರ ತುದಿ ಮುಟ್ಟಿಸಿದ್ರ ಹುಳ ಅಂಟ್ಕೋತೈತಿ, ಅದನ್ನ ಹಂಗ ಬಾಟಲಿಯೊಳಗ ಅದ್ದೂದು. ಬಾಟಲಿ ತುಂಬ ಆಲ್ಕೋಹಾಲ್ ಇರಲಿ, ಗಾಳಿ ಗುಳ್ಳಿ ಉಳದ್ರ ಬಸ್ಸಿನ ಅಲ್ಲಾಟಕ್ಕ ಅದ ಗುಳ್ಳಿ ಬಡದು ಬಾಲ ಮುರೀತಾವ. ಲೇಬಲ್ ಪೆನ್ಸಿಲ್‌ಲೆ ಬರದು ಬಾಟಲಿ ಒಳಗ ಹಾಕ್ರಿ, ಪೆನ್ನಿನ ಶಾಯಿ ಕರಗತೈತಿ. ಊರು, ತಾರೀಖು, ಗವಿ ಬಾಯಿಂದ ಎಷ್ಟು ದೂರ, ಯಾವುದರ ಕೆಳಗ ಸಿಕ್ತು, ಯಾರು ಹಿಡದ್ರು, ಇಷ್ಟು ಇರಬೇಕು.

ಸ್ಲೈಡ್ ಮಾಡಾಕ ಮೊದ್ಲ ಲ್ಯಾಕ್ಟಿಕ್ ಆಸಿಡ್‌ನಾಗ ಮೈ ತಿಳಿ ಮಾಡ್ತೀವಿ, ಆಮ್ಯಾಲ ಬೋರಲು ಹಾಕಿ ಕವರ್ ಸ್ಲಿಪ್ ಇಡೂದು. ಇಡೂವಾಗ ಉಸರ ಬಿಗಿ ಹಿಡದು ಒಂದು ಅಂಚಿನಿಂದ ಸಾವಕಾಶ ಇಳಸಬೇಕು, ದಬಾಯ್ಸಿದ್ರ ಹೊಟ್ಟಿ ಒಡೀತೈತಿ. 400 ಪಟ್ಟು ದೊಡ್ಡದು ಮಾಡೂ ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪ್ ಇದ್ರ ಕೂದಲಿನ ಮುಳ್ಳು ಸಹಿತ ಎಣಿಸಾಕ ಬರ್ತಾವ.

ಮತ್ತೊಂದು ಮಾತು, ಜಾಗಾದ ಬಗ್ಗೆ. ಬಾದಾಮಿ ಮೇಣಬಸದಿ ಒಳಗ ಇಂಥಾವು ಸಿಗ್ತಾವೇನು ಅಂತ ಬಾಳ ಮಂದಿ ಕೇಳ್ತಾರ. ಅವು ಉಳಿಲೆ ಕೊರದ ಗುಹೆ, ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು, ಒಳಗಿನತನಕ ಬೆಳಕು ಬರ್ತೈತಿ, ಒಣ ಗಾಳಿ ಆಡ್ತೈತಿ. ಡಿಪ್ಲೂರಾಕ್ಕ ಅಲ್ಲಿ ಏನೂ ಇಲ್ಲ, ಮತ್ತ ಸಂರಕ್ಷಿತ ಸ್ಮಾರಕದಾಗ ಕಲ್ಲು ಕೆದರಿ ಹುಳ ಹುಡಕೂದು ಶುದ್ಧ ತಪ್ಪು. ನೀರು ಕರಗಿಸಿ ಮಾಡಿದ ಪೊಳ್ಳು ಬೇಕಂದ್ರ ಕಲಾದಗಿ, ಲೋಕಾಪುರ, ಮುಧೋಳ ಕಡೆ ಸುಣ್ಣಕಲ್ಲಿನ ಪಟ್ಟಿ ನೋಡಬೇಕು. ವಿಜಯಪುರದ ತೊರವಿ ಹತ್ತರ ಆದಿಲ್‌ಶಾಹಿ ಕಾಲದ ಸುರಂಗ ಬಾವಿ ಐತಿ, ಬಸಾಲ್ಟ್ ಕಲ್ಲಿನಾಗ ನೆಲದಡಿಗೆ ನೀರು ತರೂ ಸುರಂಗ, ಅಂಥಾ ಹಸಿ ಕತ್ತಲಿ ಜಾಗಾದಾಗ ಏನೇನು ಜೀವ ಐತಿ ಅಂತ ಅನುಮತಿ ತಗೊಂಡು ಒಂದು ಸಲ ನೆಟ್ಟಗ ನೋಡಬೇಕು ಅನ್ನೂ ಆಸೆ ನನಗ ಬಹಳ ವರ್ಷದಿಂದ ಐತಿ.

ನಿಮ್ಮ ತಾಲೂಕಿನಾಗ ಇನ್ನೊಂದು ಗವಿ ಐತಿ, ತಳೇವಾಡಿ ಹತ್ತರದ ಬಾರಾಪೇಡೆ. 1913ರಾಗ ಓಲ್ಡ್‌ಫೀಲ್ಡ್ ಥಾಮಸ್ ವರ್ಣಿಸಿದ ರಾಟನ್‌ನ ಬಾವಲಿಗೆ ಬಹಳ ದಶಕ ಜಗತ್ತಿನಾಗ ಗೊತ್ತಿದ್ದ ಒಂದ ಮನಿ ಅದು, ಆಮ್ಯಾಲ ಮೇಘಾಲಯ, ಕಾಂಬೋಡಿಯಾ ಕಡೆ ಸಿಕ್ತು. 2011ರಿಂದ ಅದು ಭೀಮಗಡ ವನ್ಯಜೀವಿ ಧಾಮದಾಗ ಬರ್ತೈತಿ. ಡಿಪ್ಲೂರಾ ಹುಡಕೂ ಹುರುಪಿನಾಗ ಅಲ್ಲಿ ಅರಣ್ಯ ಇಲಾಖೆ ಅನುಮತಿ ಇಲ್ಲದ ಕಾಲಿಡಬ್ಯಾಡ್ರಿ, ಟಾರ್ಚ್ ಬೆಳಕಿಗೆ ಬಾವಲಿ ಎದ್ರ ಮರಿ ಕೆಳಗ ಬೀಳ್ತಾವ. ನಿಮ್ಮ ಸ್ವಂತ ಹೊಲದ ಗವಿಯೊಳಗೂ ಮೇಲ್ಛಾವಣಿ ಮ್ಯಾಲ ಬಾವಲಿ ಇದ್ರ ಹಿಂದಕ್ಕ ಬರ್ರಿ, ಎತ್ತಿದ ಕಟಗಿ ಎತ್ತಿದಂಗ ಬಿಡಬ್ಯಾಡ್ರಿ, ಇದ್ದ ಮಗ್ಗಲಕ್ಕ ಹಂಗ ಇಡ್ರಿ, ಅದು ಅವುಗಳ ಮನಿ.

ಖರೇನ ಹೊಸ ಜಾತಿ ಅಂತ ಮುಂದ ಸಿದ್ಧ ಆತು ಅಂದ್ರ ಹೋಲೋಟೈಪ್, ಅಂದ್ರ ಆ ಜಾತಿ ಹೆಸರಿಗೆ ಆಧಾರದ ಮಾದರಿ, ಅಂತ ಒಂದು ಹುಳ ಆರಿಸಿ, ಅದನ್ನ ಸಾರ್ವಜನಿಕ ಸಂಗ್ರಹದಾಗ ಇಡಬೇಕಾಗ್ತೈತಿ, ನಮ್ಮಲ್ಲಿ ಅಂದ್ರ ಕೋಲ್ಕತ್ತಾದಾಗ ಇರೂ ಝೂಲಾಜಿಕಲ್ ಸರ್ವೇ ಆಫ್ ಇಂಡಿಯಾ. ಅದು ದೂರದ ಮಾತು. ಈಗ ನಿಮ್ಮ ಕೈಯಾಗ ಇರೂ ಕೆಲಸ ಸಣ್ಣದು. ಮಳಿ ಹಿಡದು ಒಂದು ತಿಂಗಳಾದ ಮ್ಯಾಲ ಗವಿಗೆ ಮತ್ತ ಹೋಗ್ರಿ, ಅದ ಕಟಗಿ ಕೆಳಗ ನೋಡ್ರಿ, ಹುಳ ಅದಾವೋ ಖಾಲಿಯಾಗೈತೋ ಬರಕೋರಿ. ಆಮ್ಯಾಲ ಗವಿ ಬಾಯಿಂದ ಹತ್ತು ಹೆಜ್ಜಿ ಹೊರಗ ಗಿಡದ ಕೆಳಗಿನ ಮಣ್ಣು, ಕೊಳತ ಎಲಿ ಕೂಡಿ ಒಂದು ಕಿಲೋ ಅರಿವೆ ಚೀಲದಾಗ ಕಟ್ರಿ, ಪ್ಲಾಸ್ಟಿಕ್ ಬ್ಯಾಡ, ಒಳಗ ಬೆವತು ಸಾಯ್ತಾವ. ಅದನ್ನೂ, ಆ ಸ್ಯಾನಿಟೈಸರ್ ಬಾಟಲಿನೂ ಒಂದು ರವಿವಾರ ತಗೊಂಡು ಬಾಗಲಕೋಟಿಗೆ ಬರ್ರಿ, ಮಣ್ಣು ರಾತ್ರಿ ಫನೆಲ್‌ಗೆ ಹಾಕೂಣು, ಮ್ಯಾಲ ಬಲ್ಬ್ ಹಚ್ಚಿದ್ರ ಬೆಳಗಾಗೂದ್ರಾಗ ಕೆಳಗಿನ ಬಾಟಲಿಗೆ ಏನೇನು ಇಳದೈತಿ ಕಾಣ್ತೈತಿ, ಒಳಗಿಂದೂ ಹೊರಗಿಂದೂ ಮಗ್ಗಲ ಮಗ್ಗಲ ಇಟ್ಟು ಮೀಸಿ ಗಂಟು ಎಣಿಸೂಣು.